ಹೃದಯಾಘಾತದ ಬೆನ್ನಲ್ಲೇ ಸ್ಟ್ರೆಸ್ ಪರೀಕ್ಷೆ: ಯಾವಾಗ ಸುರಕ್ಷಿತ, ಯಾವಾಗ ಬೇಡ?

ಹೃದಯಾಘಾತವಾಗಿ ಐದಾರು ದಿನ ಕಳೆದಿದೆ. ಎದೆನೋವು ನಿಂತಿದೆ, ಬಿಪಿ ಹತೋಟಿಗೆ ಬಂದಿದೆ, ರೋಗಿ ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಓಡಾಡುವಂತಾಗಿದೆ. ಮನೆಗೆ ಕಳಿಸುವ ಮಾತು ಬರುವ ಹೊತ್ತಿಗೆ ವೈದ್ಯರು, "ಹೋಗೋ ಮುಂಚೆ ಒಂದು ಸ್ಟ್ರೆಸ್ ಟೆಸ್ಟ್ ಮಾಡಿಬಿಡೋಣ" ಎನ್ನುತ್ತಾರೆ. ಜೊತೆಗಿದ್ದವರ ಜೀವ ಝಲ್ಲೆನ್ನುತ್ತದೆ. "ಈಗಷ್ಟೇ ಉಳ್ಕೊಂಡಿದಾರೆ ಸಾರ್, ಈಗಲೇ ಮಿಷನ್ ಮೇಲೆ ನಡೆಸೋದಾ? ಮತ್ತೆ ಅಟ್ಯಾಕ್ ಆದ್ರೆ ಏನ್ ಗತಿ?" ಎಂಬ ಪ್ರಶ್ನೆ ಬಾಯಿಗೆ ಬರುತ್ತದೆ. ಹಲವರು ಕೇಳುತ್ತಾರೆ. ಕೆಲವರು ಕೇಳದೆಯೇ "ಮುಂದಿನ ತಿಂಗಳು ಬರ್ತೀವಿ" ಎಂದು ಹೇಳಿ ಊರಿನ ಬಸ್ಸು ಹತ್ತುತ್ತಾರೆ. ಆ ಮುಂದಿನ ತಿಂಗಳು ಎಷ್ಟೋ ಸಲ ಬರುವುದೇ ಇಲ್ಲ.

ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಖಚಿತ ಉತ್ತರವೂ ಇದೆ. ಆಘಾತವಾದ ಮೊದಲ ಎರಡು ದಿನ ಹೃದಯಕ್ಕೆ ಶ್ರಮ ಕೊಡುವ ಯಾವ ಪರೀಕ್ಷೆಯೂ ಕೂಡದು. ಆ ನಂತರ ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ಸರಿಯಾದ ವಿಧಾನ ಆರಿಸಿಕೊಂಡು ವೈದ್ಯರ ಕಣ್ಣೆದುರೇ ಮಾಡಿದರೆ ಅಪಾಯ ಬಹಳ ಕಡಿಮೆ. ಹೃದಯದಲ್ಲಿ ಇನ್ನೂ ಏನು ಬಾಕಿ ಇದೆ ಎಂದು ತಿಳಿಯದೆ ತೋಟ, ಹೊಲದ ಕೆಲಸಕ್ಕೆ ಮರಳುವುದು ಅದಕ್ಕಿಂತ ದೊಡ್ಡ ಅಪಾಯ.

ನಾಲ್ಕು ತಾಲ್ಲೂಕುಗಳ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಈ ವಿಷಯ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಂದ ದಾವಣಗೆರೆ ಐವತ್ತು ಕಿಲೋಮೀಟರ್ ಆಸುಪಾಸು. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ, ಜಗಳೂರಿನ ಕೆಲವು ಹಳ್ಳಿಗಳವರು ಚಿತ್ರದುರ್ಗದತ್ತ ಹೋಗುತ್ತಾರೆ. ಹೃದಯದ ಕೊಳವೆ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಬೇಕೆಂದರೆ ದೊಡ್ಡ ಊರಿಗೇ ಹೋಗಬೇಕು. ಹಾಗಾಗಿ ಇಲ್ಲಿನ ಬಹಳಷ್ಟು ರೋಗಿಗಳಿಗೆ ಮೊದಲ ಚಿಕಿತ್ಸೆಯೆಂದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ 'ಹೃದಯ ಜ್ಯೋತಿ' ಯೋಜನೆ ಈ ಚುಚ್ಚುಮದ್ದು ತಾಲ್ಲೂಕಿನಲ್ಲೇ ಸಿಗಲೆಂದೇ ಇರುವುದು. ಎದೆನೋವೆಂದು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ಆನ್‌ಲೈನ್‌ನಲ್ಲಿ ಕಳಿಸುತ್ತಾರೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ, ದೂರದಲ್ಲಿರುವ ತಜ್ಞರ ಸಲಹೆಯಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಓದಿ ಹೇಳುತ್ತಾರೆ. ತೀವ್ರ ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹಾಸನ ಜಿಲ್ಲೆಯಲ್ಲಿ ಸಾಲು ಸಾಲು ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, 2025ರ ಜುಲೈನಲ್ಲಿ, ಈ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ರಾತ್ರಿ ಹೊತ್ತಿನಲ್ಲೂ ಸಿಗುತ್ತದೆಯೇ ಎಂದು ಆರೋಗ್ಯ ಚೆನ್ನಾಗಿರುವಾಗಲೇ ಹೋಗಿ ಕೇಳಿಕೊಂಡು ಬನ್ನಿ.

ಆದರೆ ಚುಚ್ಚುಮದ್ದು ಬಿದ್ದು ನೋವು ನಿಂತಿತೆಂದರೆ ಚಿಕಿತ್ಸೆ ಮುಗಿಯಿತೆಂದು ಅರ್ಥವಲ್ಲ. ಅದು ಹೆಪ್ಪನ್ನು ಕರಗಿಸುತ್ತದೆ, ನಾಳದ ಗೋಡೆಯಲ್ಲಿ ಕಟ್ಟಿರುವ ಕೊಬ್ಬಿನ ಗಡ್ಡೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಚುಚ್ಚುಮದ್ದಾದ ಕೂಡಲೇ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿ, 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡುವುದು ಇಂದಿನ ಒಪ್ಪಿತ ಪದ್ಧತಿ. 2013ರಲ್ಲಿ ಪ್ರಕಟವಾದ 'ಸ್ಟ್ರೀಮ್' ಎಂಬ ಅಂತರರಾಷ್ಟ್ರೀಯ ಅಧ್ಯಯನ ಈ ಮಾರ್ಗಕ್ಕೆ ಬಲ ಕೊಟ್ಟಿತು. ಒಂದು ಗಂಟೆಯೊಳಗೆ ಕ್ಯಾಥ್‌ಲ್ಯಾಬ್ ತಲುಪಲಾಗದ 1,892 ರೋಗಿಗಳು ಅದರಲ್ಲಿದ್ದರು, ನಮ್ಮ ತಾಲ್ಲೂಕುಗಳ ರೋಗಿಗಳ ಪರಿಸ್ಥಿತಿಯೂ ಅದೇ.

ಪುಸ್ತಕದ ದಾರಿ ಹೀಗಿದ್ದರೂ ನಡೆಯುವುದು ಬೇರೆ. ಗ್ಯಾಸ್ಟ್ರಿಕ್ ಎಂದುಕೊಂಡು ಎರಡು ದಿನ ತಡಮಾಡಿ ಬಂದವರಿರುತ್ತಾರೆ. ಕಿಡ್ನಿ ತೊಂದರೆಯಿಂದ ಆಂಜಿಯೋಗ್ರಾಂ ಮುಂದೂಡಬೇಕಾದವರು, ದುಡ್ಡು ಹೊಂದಿಸಲಾಗದೆ ಬೇಡವೆಂದವರು ಇರುತ್ತಾರೆ. ಮುಖ್ಯ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಇನ್ನೊಂದರಲ್ಲಿ ಮಧ್ಯಮ ಪ್ರಮಾಣದ ಬ್ಲಾಕ್ ಉಳಿದವರೂ ಇರುತ್ತಾರೆ. ಸ್ಟ್ರೆಸ್ ಪರೀಕ್ಷೆಯ ಮಾತು ಬರುವುದು ಮುಖ್ಯವಾಗಿ ಇಂಥವರ ವಿಷಯದಲ್ಲಿ.

ಈ ಪರೀಕ್ಷೆ ಏನು ನೋಡುತ್ತದೆ?

ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಡಿಕೆ ಕಡಿಮೆಯಿದ್ದಾಗ ಹೂಳು ತುಂಬಿದ ನಾಲೆಯಲ್ಲೂ ತುದಿಯ ಗದ್ದೆಗೆ ನೀರು ಹೇಗೋ ತಲುಪುತ್ತದೆ. ಎಲ್ಲರೂ ಒಟ್ಟಿಗೆ ನೀರು ಹಾಯಿಸುವಾಗ ತುದಿಯ ಗದ್ದೆ ಒಣಗುತ್ತದೆ. ಹೃದಯದ ಕಿರಿದಾದ ನಾಳವೂ ಹಾಗೆಯೇ. ಮಲಗಿದ್ದಾಗ ತೆಗೆದ ಇಸಿಜಿ, ಎಕೋ ಚೆನ್ನಾಗಿ ಕಾಣಬಹುದು. ಹೃದಯಕ್ಕೆ ಹೆಚ್ಚು ರಕ್ತ ಬೇಕಾದಾಗ ಎಲ್ಲಿ ಕೊರತೆ ಬೀಳುತ್ತದೆ ಎಂಬುದು ಶ್ರಮ ಕೊಟ್ಟಾಗ ಮಾತ್ರ ಗೊತ್ತಾಗುತ್ತದೆ.

ಶ್ರಮ ಕೊಡುವುದಕ್ಕೆ ಎರಡು ದಾರಿಗಳಿವೆ. ಟ್ರೆಡ್‌ಮಿಲ್ ಮೇಲೆ ನಡೆಸುವುದು ಒಂದು, ಅದನ್ನೇ ನಾವು ಟಿಎಂಟಿ ಎನ್ನುತ್ತೇವೆ. ನಡೆಯಲಾಗದವರಿಗೆ ರಕ್ತನಾಳದ ಮೂಲಕ ಔಷಧಿ ಕೊಡುವುದು ಇನ್ನೊಂದು. ಡೊಬುಟಮಿನ್ ಎಂಬ ಔಷಧಿ ಹೃದಯದ ಬಡಿತವನ್ನು ಜೋರು ಮಾಡುತ್ತದೆ. ಅಡೆನೋಸಿನ್, ಡೈಪಿರಿಡಮೋಲ್‌ಗಳು ಬಡಿತವನ್ನು ಅಷ್ಟಾಗಿ ಏರಿಸದೆ ನಾಳಗಳನ್ನು ಹಿಗ್ಗಿಸುತ್ತವೆ. ಆಗ ಆರೋಗ್ಯವಂತ ನಾಳದಲ್ಲಿ ರಕ್ತ ಹೆಚ್ಚು ಹರಿಯುತ್ತದೆ, ಕಿರಿದಾದ ನಾಳ ಹಿಂದೆ ಬೀಳುತ್ತದೆ, ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ.

ಚಿತ್ರ ತೆಗೆಯುವ ಬಗೆಯೂ ಬೇರೆ ಬೇರೆ. ಎಕೋ ಯಂತ್ರದಲ್ಲಿ ಹೃದಯದ ಗೋಡೆಗಳ ಚಲನೆ ನೋಡಿದರೆ ಅದು ಸ್ಟ್ರೆಸ್ ಎಕೋ. ಟೆಕ್ನೀಷಿಯಂ ಅಥವಾ ಥ್ಯಾಲಿಯಂ ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ರಕ್ತ ಎಲ್ಲೆಲ್ಲಿ ತಲುಪುತ್ತದೆ ಎಂದು ನೋಡಿದರೆ ನ್ಯೂಕ್ಲಿಯರ್ ಸ್ಕ್ಯಾನ್. ಇದನ್ನು ದೊಡ್ಡ ನಗರಗಳ ಕೇಂದ್ರಗಳಲ್ಲಿ ಮಾಡುತ್ತಾರೆ. ಹೃದಯದ ಎಂಆರ್‌ಐ ಮೂರನೆಯದು. ಬರೀ ಟಿಎಂಟಿಗಿಂತ ಚಿತ್ರಸಹಿತ ಪರೀಕ್ಷೆ ಎರಡು ಕಾರಣಕ್ಕೆ ಮೇಲು. ಆಘಾತದ ನಂತರ ಇಸಿಜಿ ಮೊದಲೇ ಕೆಟ್ಟಿರುವುದರಿಂದ ಟಿಎಂಟಿಯ ಗೆರೆಗಳನ್ನು ಓದುವುದು ಕಷ್ಟ. ಜೊತೆಗೆ, ಯಾವ ಭಾಗದ ಸ್ನಾಯು ಸತ್ತಿದೆ, ಯಾವುದು ಸೋತು ಮಲಗಿದೆಯಾದರೂ ಜೀವಂತವಿದೆ ಎಂಬುದನ್ನು ಚಿತ್ರ ಬಿಡಿಸಿ ತೋರಿಸುತ್ತದೆ. ಜೀವಂತವಿರುವ ಸ್ನಾಯುವಿಗೆ ರಕ್ತ ಸಿಕ್ಕರೆ ಅದು ಮತ್ತೆ ಚೇತರಿಸಿಕೊಳ್ಳಬಲ್ಲದು.

ದಿನಗಳ ಲೆಕ್ಕ

ಭಯಕ್ಕೆ ಕಾರಣ ಇಲ್ಲದಿಲ್ಲ. ಆಘಾತವಾದ ಜಾಗದ ಸ್ನಾಯು ಮೊದಲ ಕೆಲವು ದಿನ ಮೆತ್ತಗಿರುತ್ತದೆ. ಅಪರೂಪಕ್ಕೆ ಆ ಗೋಡೆ ಒಡೆಯುವುದುಂಟು, ಹೆಚ್ಚಾಗಿ ಅದು ಮೊದಲ ವಾರದಲ್ಲೇ. ಬಡಿತದ ಲಯ ತಪ್ಪುವ ಸಾಧ್ಯತೆಯೂ ಆ ದಿನಗಳಲ್ಲಿ ಜಾಸ್ತಿ. ಅದಕ್ಕೇ ವೈದ್ಯಕೀಯ ಮಾರ್ಗಸೂಚಿಗಳು ದಿನಗಳನ್ನು ಹೀಗೆ ವಿಂಗಡಿಸಿವೆ:

ಮೊದಲ 48 ಗಂಟೆ: ಶ್ರಮದ ಪರೀಕ್ಷೆ ಯಾವುದೂ ಇಲ್ಲ. ಇಸಿಜಿ, ರಕ್ತಪರೀಕ್ಷೆ, ಮಲಗಿಸಿ ಮಾಡುವ ಸಾಧಾರಣ ಎಕೋ ಇಷ್ಟೇ.

ಎರಡು ದಿನ ಕಳೆದ ಮೇಲೆ: ರೋಗಿ ಸ್ಥಿರವಾಗಿದ್ದರೆ ಡೈಪಿರಿಡಮೋಲ್ ಅಥವಾ ಅಡೆನೋಸಿನ್ ಬಳಸುವ ಸ್ಕ್ಯಾನ್ ಮಾಡಬಹುದು. ಬಡಿತ ಹೆಚ್ಚು ಏರದಿರುವುದೇ ಇವುಗಳ ಅನುಕೂಲ.

ನಾಲ್ಕರಿಂದ ಏಳನೇ ದಿನ: ಮಿತಿ ಹಾಕಿದ ಟ್ರೆಡ್‌ಮಿಲ್ ಪರೀಕ್ಷೆ. ಇಲ್ಲಿ ರೋಗಿಯನ್ನು ಸುಸ್ತಾಗುವ ತನಕ ನಡೆಸುವುದಿಲ್ಲ. ಬಡಿತ ನಿಮಿಷಕ್ಕೆ 120ರ ಆಸುಪಾಸಿಗೆ ಅಥವಾ ವಯಸ್ಸಿಗೆ ತಕ್ಕ ಗರಿಷ್ಠ ಬಡಿತದ ಶೇ 70ಕ್ಕೆ ತಲುಪಿದ ಕೂಡಲೇ ನಿಲ್ಲಿಸುತ್ತಾರೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 55 ವರ್ಷದವರಿಗೆ ಅದು 165, ಅದರ ಶೇ 70 ಎಂದರೆ 115.

ಎರಡರಿಂದ ಮೂರು ವಾರದ ನಂತರ: ರೋಗಿ ತಡೆದುಕೊಳ್ಳುವಷ್ಟು ನಡೆಸುವ ಪೂರ್ಣ ಪರೀಕ್ಷೆ. ಕೆಲವರಿಗೆ ಮೂರರಿಂದ ಆರು ವಾರದ ನಡುವೆ.

ದಿನ ಎಷ್ಟೇ ಕಳೆದಿದ್ದರೂ ಕೆಲವರಿಗೆ ಇದು ಬೇಡ. ವಿಶ್ರಾಂತಿಯಲ್ಲೂ ಎದೆನೋವು ಮರುಕಳಿಸುತ್ತಿರುವವರು, ಶ್ವಾಸಕೋಶದಲ್ಲಿ ನೀರು ತುಂಬಿ ಉಬ್ಬಸಪಡುತ್ತಿರುವವರು, ಬಡಿತದ ಲಯ ಹತೋಟಿಗೆ ಬಾರದವರು, ಮಹಾಪಧಮನಿಯ ಕವಾಟ ತೀರಾ ಕಿರಿದಾಗಿ ಅದರಿಂದ ತೊಂದರೆ ಅನುಭವಿಸುತ್ತಿರುವವರು, ಹೃದಯದ ಹೊರಪೊರೆಯ ಉರಿಯೂತ ಇರುವವರು ಈ ಪಟ್ಟಿಯಲ್ಲಿದ್ದಾರೆ. ಇವರಲ್ಲಿ ನೋವು ಮರುಕಳಿಸುತ್ತಿರುವವರಿಗೆ ಸಾಮಾನ್ಯವಾಗಿ ನೇರ ಆಂಜಿಯೋಗ್ರಾಂ ಬೇಕಾಗುತ್ತದೆ. ಸಾಧಾರಣ ಎಕೋದಲ್ಲಿ ಹೃದಯದೊಳಗೆ ರಕ್ತದ ಹೆಪ್ಪು ಕಂಡರೆ ಡೊಬುಟಮಿನ್ ಕೊಡುವ ಮುಂಚೆ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಶ್ರಮದ ಪರೀಕ್ಷೆಗೆ ಮುಂಚೆ ಸಾಧಾರಣ ಎಕೋ ಆಗಿರಲೇಬೇಕು ಎನ್ನುವುದು ಈ ಕಾರಣಕ್ಕೆ.

ಅಪಾಯ ಎಷ್ಟು?

1989ರಲ್ಲಿ ಅಮೆರಿಕದ ಹ್ಯಾಮ್ ಮತ್ತು ಸಂಗಡಿಗರು, ಹೃದಯಾಘಾತದ ಬಳಿಕ ನಾಲ್ಕು ವಾರದೊಳಗೆ ನಡೆಸಿದ ಒಂದೂವರೆ ಲಕ್ಷದಷ್ಟು ವ್ಯಾಯಾಮ ಪರೀಕ್ಷೆಗಳ ಲೆಕ್ಕ ತೆಗೆದರು. ಪರೀಕ್ಷೆಯಿಂದ ಸಾವಿಗೀಡಾದವರು ಶೇ 0.03, ಅಂದರೆ ಹತ್ತು ಸಾವಿರಕ್ಕೆ ಮೂವರು. ಮತ್ತೆ ಆಘಾತವಾದರೂ ಅಥವಾ ಹೃದಯ ನಿಂತರೂ ಬದುಕಿ ಉಳಿದವರು ಶೇ 0.09. ಲಯ ಗಂಭೀರವಾಗಿ ತಪ್ಪಿದ್ದು ಶೇ 1.4 ಮಂದಿಗೆ. ಸುಸ್ತಾಗುವ ತನಕ ನಡೆಸಿದ ಪರೀಕ್ಷೆಗಳಲ್ಲಿ ತೊಂದರೆಯ ಪ್ರಮಾಣ ಮಿತಿ ಹಾಕಿದ ಪರೀಕ್ಷೆಗಳಿಗಿಂತ 1.9 ಪಟ್ಟು ಇತ್ತು. ಮೊದಲ ವಾರದಲ್ಲಿ ಮಿತಿ ಯಾಕೆ ಹಾಕುತ್ತಾರೆ ಎಂಬುದಕ್ಕೆ ಈ ಅಂಕಿಯೇ ಉತ್ತರ.

ಸ್ಟ್ರೆಸ್ ಎಕೋ ಬಗ್ಗೆ 2006ರಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ದಾಖಲೆ ಪ್ರಕಟವಾಯಿತು. ಎಲ್ಲ ಬಗೆಯ ರೋಗಿಗಳೂ ಸೇರಿ 85 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳು ಅದರಲ್ಲಿದ್ದವು. ಪ್ರಾಣಾಪಾಯದ ಘಟನೆ ವ್ಯಾಯಾಮದ ಎಕೋದಲ್ಲಿ ಸುಮಾರು 6,500 ಮಂದಿಗೆ ಒಂದು, ಡೈಪಿರಿಡಮೋಲ್‌ನಲ್ಲಿ ಸುಮಾರು 1,300ಕ್ಕೆ ಒಂದು, ಡೊಬುಟಮಿನ್‌ನಲ್ಲಿ ಸುಮಾರು 550ಕ್ಕೆ ಒಂದು. ನಡೆಯಬಲ್ಲವರನ್ನು ನಡೆಸುವುದೇ ಮೇಲು ಎಂದು ವೈದ್ಯರು ಹೇಳುವುದು ಇದಕ್ಕೆ. ಈ ಘಟನೆಗಳಲ್ಲಿ ಬಹುಪಾಲನ್ನು ಅಲ್ಲೇ, ಆಗಲೇ ನಿಭಾಯಿಸಲು ಸಾಧ್ಯ. ಆದರೆ ನಿಭಾಯಿಸುವವರು ಮತ್ತು ಅದಕ್ಕೆ ಬೇಕಾದ ಉಪಕರಣ ಕೋಣೆಯಲ್ಲೇ ಇರಬೇಕು.

ಆಘಾತವಾಗಿ ಹತ್ತು ದಿನದೊಳಗೆ ಅಡೆನೋಸಿನ್ ಸ್ಕ್ಯಾನ್ ಮಾಡಿದ 'ಇನ್‌ಸ್ಪೈರ್' ಅಧ್ಯಯನ 2006ರಲ್ಲಿ ಹೊರಬಂತು. ಸ್ಥಿರವಾಗಿದ್ದ 728 ರೋಗಿಗಳನ್ನು ಸ್ಕ್ಯಾನಿನ ಆಧಾರದ ಮೇಲೆ ಕಡಿಮೆ, ಮಧ್ಯಮ, ಹೆಚ್ಚು ಅಪಾಯದವರೆಂದು ವಿಂಗಡಿಸಿದರು. ಒಂದು ವರ್ಷದೊಳಗೆ ಸಾವು ಅಥವಾ ಮತ್ತೊಂದು ಆಘಾತ ಕಡಿಮೆ ಅಪಾಯದವರಲ್ಲಿ ಶೇ 1.8, ಹೆಚ್ಚು ಅಪಾಯದವರಲ್ಲಿ ಶೇ 11.6. ಯಾರನ್ನು ನಿಶ್ಚಿಂತೆಯಿಂದ ಬೇಗ ಮನೆಗೆ ಕಳಿಸಬಹುದು, ಯಾರನ್ನು ಹಿಡಿದು ನಿಲ್ಲಿಸಬೇಕು ಎಂಬುದನ್ನು ಈ ಪರೀಕ್ಷೆ ಮೊದಲ ಹತ್ತು ದಿನದೊಳಗೇ ಹೇಳಬಲ್ಲದು.

ಕೋಣೆಯೊಳಗೆ ನಡೆಯುವುದೇನು?

ಗೊತ್ತಿಲ್ಲದ್ದರ ಭಯವೇ ಹೆಚ್ಚು. ಆದ್ದರಿಂದ ಒಳಗೆ ಏನಾಗುತ್ತದೆ ಎಂದು ಹಂತ ಹಂತವಾಗಿ ನೋಡೋಣ.

ಮಿತಿ ಹಾಕಿದ ಟಿಎಂಟಿಯಲ್ಲಿ ಎದೆಯ ಕೂದಲು ತೆಗೆದು, ಚರ್ಮವನ್ನು ಒರೆಸಿ, ಹತ್ತು ಅಂಟುಪಟ್ಟಿಗಳನ್ನು ಹಚ್ಚುತ್ತಾರೆ. ತೋಳಿಗೆ ಬಿಪಿ ಪಟ್ಟಿ. ಮೊದಲ ಮೂರು ನಿಮಿಷ ಯಂತ್ರ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ, ಏರಿಲ್ಲದೆ ಸಾಗುತ್ತದೆ. ಮಾತಾಡಿಕೊಂಡು ನಿಧಾನಕ್ಕೆ ನಡೆದಷ್ಟೇ. ಮುಂದಿನ ಮೂರು ನಿಮಿಷ ವೇಗ ಅದೇ, ಸ್ವಲ್ಪ ಏರು ಬರುತ್ತದೆ. ಆಮೇಲಿನ ಮೂರು ನಿಮಿಷಕ್ಕೆ ಏರು ಇನ್ನಷ್ಟು. ಹಲವರ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಉದ್ದಕ್ಕೂ ಒಬ್ಬರು ಪರದೆಯ ಮೇಲೆ ಇಸಿಜಿ ನೋಡುತ್ತಿರುತ್ತಾರೆ. ಎದೆನೋವು ಬಂದರೆ, ತಲೆ ತಿರುಗಿದರೆ, ನಡೆಯುತ್ತಿರುವಾಗ ಬಿಪಿ ಏರುವ ಬದಲು ಇಳಿದರೆ, ಇಸಿಜಿ ಗೆರೆ ಎರಡು ಮಿಲಿಮೀಟರಿನಷ್ಟು ಕೆಳಗೆ ಜಗ್ಗಿದರೆ, ಲಯ ತಪ್ಪಿದರೆ ಆ ಕ್ಷಣವೇ ಯಂತ್ರ ನಿಲ್ಲುತ್ತದೆ. "ಸಾಕು" ಎಂದು ರೋಗಿ ಹೇಳಿದರೂ ನಿಲ್ಲಬೇಕು. ಮಕ್ಕಳ ಮುಂದೆ, ಡಾಕ್ಟರ ಮುಂದೆ ಗಟ್ಟಿತನ ತೋರಿಸಲು ನೋವು ನುಂಗಿಕೊಂಡು ನಡೆಯುವ ಹಿರಿಯರು ನಮ್ಮಲ್ಲಿ ಬಹಳ. ಹಾಗೆ ಮಾಡಬೇಡಿ ಎಂದು ಮನೆಯವರು ಮೊದಲೇ ಹೇಳಿ ಒಳಗೆ ಕಳಿಸಬೇಕು.

ಡೊಬುಟಮಿನ್ ಎಕೋದಲ್ಲಿ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಪಕ್ಕೆಲುಬುಗಳ ನಡುವೆ ಎಕೋ ಯಂತ್ರದ ತುದಿಯನ್ನು ಒತ್ತಿ ಹಿಡಿದು ಚಿತ್ರ ತೆಗೆಯುತ್ತಾರೆ. ಕೈಯ ಸೂಜಿಯ ಮೂಲಕ ಔಷಧಿ, ದೇಹದ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಐದು ಮೈಕ್ರೋಗ್ರಾಂನಿಂದ ಶುರುವಾಗಿ, ಮೂರು ಮೂರು ನಿಮಿಷಕ್ಕೆ 10, 20, 30 ಎಂದು ಏರುತ್ತದೆ. ಸ್ನಾಯು ಜೀವಂತವಿದೆಯೇ ಎಂದಷ್ಟೇ ತಿಳಿಯಬೇಕಿದ್ದರೆ ಕಡಿಮೆ ಪ್ರಮಾಣದಲ್ಲೇ ನಿಲ್ಲಿಸುತ್ತಾರೆ. ಆಘಾತದ ಮೊದಲ ದಿನಗಳಲ್ಲಿ ಅದೇ ಜಾಣತನ. ಎದೆ ಡಬಡಬ ಬಡಿದುಕೊಳ್ಳುವುದು ಔಷಧಿಯ ಕೆಲಸ. ಹನಿ ನಿಲ್ಲಿಸಿದರೆ ಕೆಲವು ನಿಮಿಷಗಳಲ್ಲಿ ಬಡಿತ ಇಳಿಯುತ್ತದೆ, ಇಳಿಯದಿದ್ದರೆ ಇಳಿಸುವ ಚುಚ್ಚುಮದ್ದು ಪಕ್ಕದಲ್ಲೇ ಇರುತ್ತದೆ. ಅಡೆನೋಸಿನ್ ಕೊಟ್ಟಾಗ ಮುಖ ಬಿಸಿಯಾಗುವುದು, ಎದೆ ಬಿಗಿದಂತಾಗುವುದು, ಉಸಿರು ಭಾರವಾಗುವುದು ಸಾಮಾನ್ಯ. ಆ ಔಷಧಿ ರಕ್ತದಲ್ಲಿ ಕೆಲವೇ ಸೆಕೆಂಡು ಉಳಿಯುವುದರಿಂದ ನಿಲ್ಲಿಸಿದ ನಿಮಿಷದೊಳಗೆ ಇದೆಲ್ಲ ಹೋಗುತ್ತದೆ. ಅಸ್ತಮಾ ಇರುವವರಿಗೆ ಮಾತ್ರ ಅಡೆನೋಸಿನ್, ಡೈಪಿರಿಡಮೋಲ್ ಸಲ್ಲ, ಮೊದಲೇ ಬಾಯಿಬಿಟ್ಟು ಹೇಳಿ.

ಮಾಡಿಸದಿದ್ದರೆ?

ಇಟಲಿಯ 'ಗಿಸ್ಸಿ-2' ಅಧ್ಯಯನದಲ್ಲಿ ಹೆಪ್ಪು ಕರಗಿಸುವ ಚಿಕಿತ್ಸೆ ಪಡೆದು ಬದುಕುಳಿದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆರು ತಿಂಗಳು ಗಮನಿಸಿದರು. ವ್ಯಾಯಾಮ ಪರೀಕ್ಷೆ ಮಾಡಿದವರಲ್ಲಿ ಸತ್ತವರು ಶೇ 1.3. ಪರೀಕ್ಷೆ ಆಗದವರಲ್ಲಿ ಶೇ 7.1. ಪರೀಕ್ಷೆಯೇ ಜೀವ ಉಳಿಸಿತೆಂದು ಇದರ ಅರ್ಥವಲ್ಲ. ನಡೆಯಲಾರದಷ್ಟು ಬಳಲಿದವರೇ ಹೆಚ್ಚು ಅಪಾಯದಲ್ಲಿದ್ದರು ಎಂದರ್ಥ. "ನಮ್ಮಪ್ಪನಿಗೆ ನಡೆಯೋಕೆ ಆಗಲ್ಲ, ಟೆಸ್ಟ್ ಬೇಡ" ಎನ್ನುವ ಮನೆಯವರು ಈ ಅಂಕಿಯನ್ನು ನೆನಪಿಡಬೇಕು. ನಡೆಯಲಾಗದವರಿಗೆ ಔಷಧಿಯ ಪರೀಕ್ಷೆಯೋ ಆಂಜಿಯೋಗ್ರಾಮೋ ಬೇಕು, ಏನೂ ಬೇಡ ಎನ್ನುವಂತಿಲ್ಲ.

ಡೆನ್ಮಾರ್ಕಿನ 'ಡನಾಮಿ' ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದು ಪಡೆದ ನಂತರವೂ ಹೃದಯಕ್ಕೆ ರಕ್ತದ ಕೊರತೆ ಉಳಿದಿದೆಯೆಂದು ಕಂಡುಬಂದ 1,008 ಮಂದಿ ಅದರಲ್ಲಿದ್ದರು. ಆಂಜಿಯೋಗ್ರಾಂ ಮಾಡಿ ನಾಳ ಸರಿಪಡಿಸಿದ ಗುಂಪಿನಲ್ಲಿ ಮುಂದೆ ಮತ್ತೊಂದು ಆಘಾತವಾದದ್ದು ಶೇ 5.6 ಮಂದಿಗೆ. ಮಾತ್ರೆಯಲ್ಲೇ ಮುಂದುವರಿದ ಗುಂಪಿನಲ್ಲಿ ಶೇ 10.5. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ಎರಡನೇ ಆಘಾತ ಅರ್ಧದಷ್ಟಾಯಿತು. ದುಡಿಯುವ ಮನೆಗೆ ಅದು ಸಣ್ಣ ಮಾತಲ್ಲ.

ಯಾರಿಗೆ ಬೇಕಿಲ್ಲ?

ಪರೀಕ್ಷೆ ಎಲ್ಲರಿಗೂ ಬೇಕು ಎನ್ನುವುದೂ ಸರಿಯಲ್ಲ. ಆಂಜಿಯೋಗ್ರಾಂ ಆಗಿ, ಆಘಾತಕ್ಕೆ ಕಾರಣವಾದ ನಾಳಕ್ಕೆ ಸ್ಟೆಂಟ್ ಹಾಕಿ, ಉಳಿದ ನಾಳಗಳು ಚೆನ್ನಾಗಿವೆ ಎಂದಾದರೆ ಬಿಡುಗಡೆಗೆ ಮುಂಚೆ ಸ್ಟ್ರೆಸ್ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಏನೂ ತೊಂದರೆಯಿಲ್ಲದವರಿಗೆ ವರ್ಷಕ್ಕೊಮ್ಮೆ ರೂಢಿಯಂತೆ ಮಾಡಿಸುವುದರಿಂದಲೂ ಲಾಭವಿಲ್ಲ. ಹೆಚ್ಚು ಅಪಾಯವಿದ್ದ 1,706 ಸ್ಟೆಂಟ್ ರೋಗಿಗಳ ಮೇಲೆ ದಕ್ಷಿಣ ಕೊರಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು.

ಹಾಗೆಯೇ, ತಡವಾಗಿ ಬಂದವರಲ್ಲಿ ನಾಳ ಪೂರ್ತಿ ಮುಚ್ಚಿಹೋಗಿ, ನೋವೂ ಇಲ್ಲದೆ ಸ್ಥಿರವಾಗಿದ್ದರೆ ಅದನ್ನು ತೆರೆಯಲೇಬೇಕೆಂದಿಲ್ಲ. 2,166 ರೋಗಿಗಳ 'ಓಟ್' ಅಧ್ಯಯನದಲ್ಲಿ (2006) ಆಘಾತದ ಮೂರರಿಂದ 28 ದಿನಗಳ ನಡುವೆ ಅಂಥ ನಾಳವನ್ನು ತೆರೆದರೂ ಸಾವು, ಮರು ಆಘಾತ, ಹೃದಯ ವೈಫಲ್ಯ ಕಡಿಮೆಯಾಗಲಿಲ್ಲ. ಸ್ಟೆಂಟಿನಿಂದ ಉಪಯೋಗವಾಗುವವರನ್ನು ಆರಿಸಿಕೊಳ್ಳಲು ಸ್ಟ್ರೆಸ್ ಚಿತ್ರಣ ನೆರವಾಗುತ್ತದೆ. ಅಂದರೆ ಬೇಡದ ಖರ್ಚಿನಿಂದ ಮನೆಯನ್ನು ಕಾಪಾಡುವುದೂ ಇದೇ ಪರೀಕ್ಷೆಯೇ.

ಒಂದು ಎಚ್ಚರಿಕೆ. ಲ್ಯಾಬುಗಳ ರಿಯಾಯಿತಿ ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಟಿಎಂಟಿಯೂ ಸೇರಿರುತ್ತದೆ. ಆಘಾತವಾಗಿ ಕೆಲವು ವಾರಗಳಷ್ಟೇ ಆಗಿರುವವರು ತಮ್ಮ ಹೃದಯ ವೈದ್ಯರ ಚೀಟಿಯಿಲ್ಲದೆ ಅಂಥ ಕಡೆ ಯಂತ್ರ ಹತ್ತಲೇಬಾರದು.

ತಯಾರಿ ಹೀಗಿರಲಿ

ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಪರೀಕ್ಷೆಯ ನೆಪದಲ್ಲಿ ಒಂದು ಹೊತ್ತೂ ಬಿಡಬೇಡಿ. ಬಡಿತ ಇಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎಂದು ವೈದ್ಯರನ್ನೇ ಕೇಳಿ, ಏಕಾಏಕಿ ನಿಲ್ಲಿಸುವುದು ಅಪಾಯ.

ಅಡೆನೋಸಿನ್ ಅಥವಾ ಡೈಪಿರಿಡಮೋಲ್ ಪರೀಕ್ಷೆಯಾದರೆ ಹಿಂದಿನ ದಿನದಿಂದಲೇ ಕಾಫಿ, ಟೀ, ಕೋಲಾ, ಚಾಕೊಲೇಟ್ ಬೇಡ. ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ. ಇವುಗಳಲ್ಲಿರುವ ಕೆಫೀನ್ ಔಷಧಿಯ ಕೆಲಸವನ್ನು ಕೆಡಿಸಿ, ಬ್ಲಾಕ್ ಇದ್ದರೂ ಇಲ್ಲವೆಂದು ತೋರಿಸಬಹುದು. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ. ದಮ್ಮಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೆರಿಫಿಲಿನ್ ಕೂಡ ಹೀಗೆಯೇ ಅಡ್ಡಿ ಮಾಡುತ್ತದೆ. ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಬೀಡಿ, ಸಿಗರೇಟು, ಗುಟ್ಕಾ ಪರೀಕ್ಷೆಯ ದಿನವಷ್ಟೇ ಅಲ್ಲ, ಇನ್ನು ಯಾವತ್ತೂ ಬೇಡ.

ಸಕ್ಕರೆ ಕಾಯಿಲೆಯವರು ಬೆಳಗಿನ ಬಸ್ಸಿಗೆ ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಹೊರಟು, ಮಧ್ಯಾಹ್ನದ ತನಕ ಸರದಿಗೆ ಕಾದು ಕುಸಿಯುವುದುಂಟು. ಎಷ್ಟು ಹೊತ್ತಿನ ಉಪವಾಸ, ಇನ್ಸುಲಿನ್ ಎಷ್ಟು ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ನ್ಯೂಕ್ಲಿಯರ್ ಸ್ಕ್ಯಾನ್ ಆದವರು ಆ ದಿನ ಹಸುಗೂಸುಗಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸದಿರುವುದು ಒಳ್ಳೆಯದು.

ಪರೀಕ್ಷೆಗೆ ಒಪ್ಪುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಆಘಾತವಾಗಿ ಎಷ್ಟು ದಿನವಾಯಿತು, ಇವತ್ತು ಮಾಡುವಷ್ಟು ಸ್ಥಿರವಾಗಿದ್ದಾರೆಯೇ?
2. ಸಾಧಾರಣ ಎಕೋದಲ್ಲಿ ಪಂಪಿಂಗ್ ಎಷ್ಟಿದೆ? ಹೆಪ್ಪು, ಕವಾಟದ ತೊಂದರೆ ಇದೆಯೇ?
3. ನಡೆಸುತ್ತೀರೋ, ಔಷಧಿ ಕೊಡುತ್ತೀರೋ? ಮಿತಿ ಹಾಕಿದ ಪರೀಕ್ಷೆಯೋ, ಪೂರ್ಣವೋ?
4. ಪರೀಕ್ಷೆಯ ಹೊತ್ತಿಗೆ ವೈದ್ಯರು ಕೋಣೆಯಲ್ಲಿರುತ್ತಾರೆಯೇ? ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಆಕ್ಸಿಜನ್ ಅಲ್ಲೇ ಇದೆಯೇ?
5. ಫಲಿತಾಂಶ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿಲ್ಲ ಎಂದಾದರೆ ಆ ಪರೀಕ್ಷೆ ಯಾಕೆ ಬೇಕು ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಫಲಿತಾಂಶ ಕೈಗೆ ಬಂದ ಮೇಲೆ

ರಿಪೋರ್ಟಿನಲ್ಲಿ 'ಮೆಟ್ಸ್' ಎಂಬ ಅಂಕಿ ಹುಡುಕಿ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ ಒಂದು ಮೆಟ್. ಸಮತಟ್ಟು ದಾರಿಯಲ್ಲಿ ನಿಧಾನದ ನಡಿಗೆಗೆ ಸುಮಾರು ಮೂರು ಬೇಕು. ಐದು ಮೆಟ್ಸ್ ತನಕ ನೋವಿಲ್ಲದೆ, ಇಸಿಜಿ ಬದಲಾಗದೆ ನಡೆದಿದ್ದರೆ ಸ್ನಾನ, ಮನೆಯೊಳಗಿನ ಕೆಲಸ, ನಿಧಾನದ ಮೆಟ್ಟಿಲು, ದಾಂಪತ್ಯ ಇವಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಗುದ್ದಲಿ ಕೆಲಸಕ್ಕೆ ಐದರಿಂದ ಎಂಟು ಮೆಟ್ಸ್ ತನಕ ಬೇಕಾಗುತ್ತದೆ. ಚನ್ನಗಿರಿಯ ತೋಟದಲ್ಲಿ ಅಡಿಕೆ ಗೊನೆ ಇಳಿಸುವುದು, ಜಗಳೂರಿನಲ್ಲಿ ಮೆಕ್ಕೆಜೋಳದ ಚೀಲ ಹೊರುವುದು, ಹೊನ್ನಾಳಿಯ ಗದ್ದೆಯಲ್ಲಿ ಬದು ಕಡಿಯುವುದು, ಇವೆಲ್ಲ ಮಿತಿ ಹಾಕಿದ ಪರೀಕ್ಷೆ ಅಳೆದಿರುವ ಶ್ರಮಕ್ಕಿಂತ ಮೇಲಿನವು. ಮೊದಲ ವಾರದ ಪರೀಕ್ಷೆಯಲ್ಲಿ ಪಾಸಾದೆವೆಂದು ಇವುಗಳಿಗೆ ಇಳಿಯಬಾರದು. ಕೆಲವು ವಾರ ಬಿಟ್ಟು ಪೂರ್ಣ ಪರೀಕ್ಷೆಯಾದ ಮೇಲೆ, "ನಾನು ಮಾಡೋ ಕೆಲಸ ಇಂಥದ್ದು" ಎಂದು ವೈದ್ಯರಿಗೆ ಬಿಡಿಸಿ ಹೇಳಿ ಅನುಮತಿ ಪಡೆಯಿರಿ. ಅಡಿಕೆ ಮರ ಹತ್ತುವವರು ಆ ಕೆಲಸವನ್ನೇ ಬಿಡಬೇಕೇ ಎಂಬುದನ್ನು ಸಂಕೋಚವಿಲ್ಲದೆ ಚರ್ಚಿಸಬೇಕು. ಎತ್ತರದಲ್ಲಿ ತಲೆ ತಿರುಗಿದರೆ ಹಿಡಿದುಕೊಳ್ಳುವವರು ಯಾರೂ ಇರುವುದಿಲ್ಲ.

ಪರೀಕ್ಷೆಯಲ್ಲಿ ಕೊರತೆ ಕಂಡರೆ ಆಂಜಿಯೋಗ್ರಾಂ ಬೇಕಾಗಬಹುದು. ಕೊರತೆ ಕಾಣದಿದ್ದರೂ ಮಾತ್ರೆ ಮುಂದುವರಿಯಬೇಕು. ಮನೆಗೆ ಬಂದ ಮೇಲೆ ಎದೆನೋವು ಬಂದರೆ ಕೂತುಕೊಂಡು, ವೈದ್ಯರು ಹೇಳಿದ್ದರೆ ನಾಲಿಗೆ ಕೆಳಗಿಡುವ ಮಾತ್ರೆ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ಐವತ್ತು ಕಿಲೋಮೀಟರ್ ಹೋಗಬೇಡಿ, ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಗಲಿ.

ಖರ್ಚಿನ ದಾರಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಮಾನ್ಯ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಹೃದಯಾಘಾತದಂಥ ತುರ್ತಿನಲ್ಲಿ ಅದಿಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯಿದೆ. ನಿಮ್ಮ ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ಸೊಸೈಟಿಯಲ್ಲಿ ವಿಚಾರಿಸಿ. ಸ್ಟ್ರೆಸ್ ಪರೀಕ್ಷೆ ಪ್ಯಾಕೇಜಿನೊಳಗೆ ಬರುತ್ತದೆಯೋ, ಹೊರಗಿನಿಂದ ಕಟ್ಟಬೇಕೋ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಕೇಳಿ. ಆಸ್ಪತ್ರೆಯಲ್ಲಿದ್ದಾಗ ಆಗಿಹೋಗುವ ಪರೀಕ್ಷೆಗೆ ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ, ಇನ್ನೊಂದು ದಿನದ ಅಲೆದಾಟ ಯಾವುದೂ ಇಲ್ಲ.

ಅದಕ್ಕೇ ಮನೆಯವರಿಗೆ ಕೊನೆಯದಾಗಿ ಹೇಳಬೇಕಾದದ್ದು ಇಷ್ಟು. ಬಿಡುಗಡೆಯ ದಿನ ಬಿಲ್ಲು, ಮಾತ್ರೆ, ಗಾಡಿ ಎಂಬ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮರೆಯಬೇಡಿ: "ಸ್ಟ್ರೆಸ್ ಪರೀಕ್ಷೆ ಇವರಿಗೆ ಬೇಕಾ? ಬೇಕಿದ್ದರೆ ಇಲ್ಲೇ ಮಾಡ್ತೀರಾ, ಇಲ್ಲಾ ಯಾವತ್ತು, ಎಲ್ಲಿಗೆ ಬರಬೇಕು?" ಉತ್ತರವನ್ನು ಡಿಸ್‌ಚಾರ್ಜ್ ಚೀಟಿಯ ಮೇಲೆಯೇ ದಿನಾಂಕದ ಸಮೇತ ಬರೆಸಿಕೊಳ್ಳಿ. ಆ ದಿನಾಂಕಕ್ಕೆ ಯಾರು ಕರೆದುಕೊಂಡು ಬರುತ್ತಾರೆ ಎಂಬುದನ್ನೂ ಅಲ್ಲೇ ತೀರ್ಮಾನಿಸಿ. ಬೇಡ ಎಂದರೆ ಯಾಕೆ ಬೇಡ ಎಂಬ ಕಾರಣವನ್ನೂ ಕೇಳಿ ತಿಳಿದುಕೊಂಡೇ ಊರಿಗೆ ಹೊರಡಿ.